ಇಪ್ಪತ್ತನೇ ಸಲವೂ ಒಳಗೆ ಸೇರದ ಪ್ಯಾಚ್

2024ರ ಮೇ ತಿಂಗಳಲ್ಲಿ ಬೆಂಗಳೂರಿನ ಎಂಜಿನಿಯರುಗಳ ಒಂದು ತಂಡ ಲಿನಕ್ಸ್ ಕರ್ನಲ್‌ಗೆ ಸೇರಿಸಿಕೊಳ್ಳಿ ಎಂದು ಒಂದು ಪ್ಯಾಚ್ ಸರಣಿಯನ್ನು, ಅಂದರೆ ಕೋಡಿನ ತಿದ್ದುಪಡಿಗಳ ಕಂತೆಯನ್ನು, ಕಳಿಸಿತು. ಅದು ಆ ಸರಣಿಯ 20ನೇ ಆವೃತ್ತಿ. ಡಿಸ್ಕಿನ ಒಂದು ಜಾಗದಲ್ಲಿರುವ ದತ್ತಾಂಶವನ್ನು ಅದೇ ಡಿಸ್ಕಿನ ಇನ್ನೊಂದು ಜಾಗಕ್ಕೆ ನಕಲು ಮಾಡುವ ಕೆಲಸವನ್ನು ಕಂಪ್ಯೂಟರಿನ ತಲೆಗೆ ಕಟ್ಟದೆ ಡಿಸ್ಕಿಗೇ ಬಿಟ್ಟುಬಿಡೋಣ ಎಂಬುದು ಅದರ ಒಟ್ಟು ತಾತ್ಪರ್ಯ. ಕೇಳಿದರೆ ಯಾರೂ ಬೇಡವೆನ್ನದ ಮಾತು. ಡಿಸ್ಕು ತಯಾರಿಸುವವರು ಅದಕ್ಕೆ ಬೇಕಾದ ಆದೇಶವನ್ನು ಆಗಲೇ ಮಾನಕದಲ್ಲಿ ಬರೆದಿಟ್ಟಿದ್ದರು. ಆದರೂ 20ನೇ ಆವೃತ್ತಿಯೂ ಒಳಗೆ ಹೋಗಲಿಲ್ಲ.

ಹೊರಗಿನವರಿಗೆ ಇದು ಸೋಲಿನ ಕಥೆಯಂತೆ ಕಾಣುತ್ತದೆ. ಈ ಕಸುಬಿನಲ್ಲಿರುವವರು ಹಾಗೆ ನೋಡುವುದಿಲ್ಲ. ಕೋಡ್ ಬರೆಯುವುದು ಇಲ್ಲಿ ಕೆಲಸದ ಸಣ್ಣ ಪಾಲು. ‘ಇದು ಬೇಕು, ಇದು ಹೀಗೇ ಇರಬೇಕು, ನಾಳೆ ಕೆಟ್ಟರೆ ನಾನಿದ್ದೇನೆ’ ಎಂಬ ಮೂರು ಮಾತುಗಳನ್ನು ಮುಖವನ್ನೇ ನೋಡದ ಜನರಿಗೆ ನಂಬಿಸುವುದೇ ದೊಡ್ಡ ಪಾಲು.

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆ ದಾಟಿ ಎಂಜಿನಿಯರಿಂಗ್ ಮುಗಿಸುವ ಮಕ್ಕಳಿದ್ದಾರೆ. ಹಿಂದೂಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಅನಂತಪುರಕ್ಕಿಂತ ಬೆಂಗಳೂರಿನ ನಂಟೇ ಈ ಊರಿಗೆ ಹೆಚ್ಚು. ಆ ಕಡೆಗೆ ರೈಲು ಹತ್ತುವವರಿಗೆ ಸಾಫ್ಟ್‌ವೇರ್ ಎಂದರೆ ಬಹುಪಾಲು ಯಾರದೋ ಬ್ಯಾಂಕಿನ, ಯಾರದೋ ಅಂಗಡಿಯ ಆ್ಯಪ್. ಆ ಆ್ಯಪ್ ಓಡುವ ಸರ್ವರ್‌ನಲ್ಲಿ, ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ, ಎಲ್ಲದರ ಅಡಿಯಲ್ಲಿ ಲಿನಕ್ಸ್ ಕರ್ನಲ್ ಇದೆ ಎಂದು ಪಾಠದಲ್ಲಿ ಓದಿರುತ್ತಾರೆ. ಆ ಕರ್ನಲ್ಲಿನ ಶೇಖರಣೆಯ ಭಾಗಕ್ಕೆ, ಅಂದರೆ ಡಿಸ್ಕಿನೊಡನೆ ಮಾತಾಡುವ ಭಾಗಕ್ಕೆ, ಬೆಂಗಳೂರಿನಿಂದ ಎರಡು ದಶಕಗಳಿಂದ ಪ್ಯಾಚ್‌ಗಳು ಹೋಗುತ್ತಿವೆ ಎಂದು ಹೇಳುವವರು ಕಡಿಮೆ.

ಡ್ರೈವರ್ ಎಂದರೇನು ಎಂಬುದನ್ನು ಬೇಗ ಮುಗಿಸೋಣ. ಫೈಲ್ ಉಳಿಸು ಎಂದು ನೀವು ಒತ್ತಿದಾಗ ಆ ಕೋರಿಕೆ ಮೊದಲು ಫೈಲ್ ಸಿಸ್ಟಮ್‌ಗೆ ಹೋಗುತ್ತದೆ, ಅಲ್ಲಿಂದ ‘ಬ್ಲಾಕ್ ಪದರ’ ಎಂಬ ಸರತಿಗೆ ಇಳಿಯುತ್ತದೆ, ಕೊನೆಗೆ ಡ್ರೈವರ್ ಅದನ್ನು ಆಯಾ ಯಂತ್ರಕ್ಕೆ ಅರ್ಥವಾಗುವ ಆದೇಶವಾಗಿ ಬದಲಿಸುತ್ತದೆ. ಹಳೆಯ ಸರ್ವರ್ ಡಿಸ್ಕುಗಳಿಗೆ ಸ್ಕಸಿ ಎಂಬ ಭಾಷೆ, ಈಗಿನ ವೇಗದ ಎಸ್‌ಎಸ್‌ಡಿಗಳಿಗೆ ಎನ್‌ವಿಎಂಇ ಎಂಬ ಭಾಷೆ. ಇಷ್ಟು ತಿಳಿದಿದ್ದರೆ ಮುಂದಿನದಕ್ಕೆ ಸಾಕು.

ಡಿಸ್ಕುಗಳನ್ನು ನಿಯಂತ್ರಿಸುವ ಕಾರ್ಡು ಮಾರುವ ಕಂಪನಿ ತನ್ನ ಡ್ರೈವರನ್ನು ತಾನೇ ಬರೆದು ಗಿರಾಕಿಗೆ ಕೊಟ್ಟರೆ ಆಗದೇ? ಹಿಂದೆ ಹಾಗೇ ಆಗುತ್ತಿತ್ತು. ಡಬ್ಬದೊಳಗೆ ಒಂದು ಸಿ.ಡಿ. ಇರುತ್ತಿತ್ತು. ತೊಂದರೆ ಏನೆಂದರೆ ಲಿನಕ್ಸ್ ಕರ್ನಲ್ ತನ್ನ ಒಳಗಿನ ಕರಾರುಗಳನ್ನು ಸ್ಥಿರವಾಗಿ ಇಟ್ಟುಕೊಳ್ಳುತ್ತೇನೆಂದು ಯಾರಿಗೂ ಮಾತು ಕೊಟ್ಟಿಲ್ಲ. ಹೊರಗಿನ ಪ್ರೋಗ್ರಾಂಗಳಿಗೆ ಕಾಣುವ ಮುಖವನ್ನು ಮುರಿಯುವುದಿಲ್ಲ ಎಂಬುದು ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ ಅವರ ಹಠ. ಒಳಗಿನದನ್ನು ಮಾತ್ರ ಬೇಕಾದಾಗ ಬೇಕಾದಂತೆ ತಿದ್ದುತ್ತಾರೆ. ಹೊರಗಿರುವ ಡ್ರೈವರ್ ಪ್ರತಿ ಬಿಡುಗಡೆಗೂ ಮುರಿದು ಬೀಳುತ್ತದೆ. ಒಳಗಿರುವ ಡ್ರೈವರಿಗೆ ಆ ಕಷ್ಟವಿಲ್ಲ. ಕರಾರು ಬದಲಿಸಿದವರೇ ಅದನ್ನು ಬಳಸುವ ಎಲ್ಲ ಡ್ರೈವರುಗಳನ್ನೂ ತಿದ್ದಿಕೊಡಬೇಕು ಎಂಬುದು ಅಲ್ಲಿನ ನಿಯಮ. ಕಂಪನಿಗಳು ಕರ್ನಲ್ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುವುದು ಇದಕ್ಕೇ. ಧರ್ಮಬುದ್ಧಿಯೂ ಇರಬಹುದು, ಲೆಕ್ಕವಂತೂ ಇದೆ.

ಡೆಲ್ ಸೇರಿದಂತೆ ಅನೇಕ ತಯಾರಕರ ಸರ್ವರ್‌ಗಳಲ್ಲಿ ಕೆಲಸ ಮಾಡುವ ಮೆಗಾರೇಡ್ ಕಾರ್ಡುಗಳ ಡ್ರೈವರ್ ಇದಕ್ಕೆ ಹತ್ತಿರದ ಉದಾಹರಣೆ. ಆ ಕಾರ್ಡಿನ ವ್ಯಾಪಾರ ಅಮೆರಿಕನ್ ಮೆಗಾಟ್ರೆಂಡ್ಸ್‌ನಿಂದ 2001ರಲ್ಲಿ ಎಲ್‌ಎಸ್‌ಐ ಕೈಗೆ ಬಂತು, 2014ರಲ್ಲಿ ಅವಾಗೋ ಎಲ್‌ಎಸ್‌ಐಯನ್ನು ಕೊಂಡಿತು, 2016ರಲ್ಲಿ ಅವಾಗೋ ಬ್ರಾಡ್‌ಕಾಮನ್ನೂ ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಕಂಪನಿಯ ಹೆಸರಿನ ಬೋರ್ಡು ಇಷ್ಟು ಸಲ ಬದಲಾದರೂ ಡ್ರೈವರ್ ಕರ್ನಲ್ಲಿನಲ್ಲೇ ಇದೆ, ಅದನ್ನು ನೋಡಿಕೊಳ್ಳುವ ಕೆಲಸದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲು ದೊಡ್ಡದಾಗಿಯೇ ಇದೆ. ಅದೇ ಮನೆತನದ ಮುಂದಿನ ತಲೆಮಾರಿನ ಕಾರ್ಡುಗಳ ಡ್ರೈವರ್ 2021ರಲ್ಲಿ 5.14ನೇ ಆವೃತ್ತಿಯಲ್ಲಿ ಒಳಗೆ ಬಂತು. ಹಳೆಯ ದಿನಗಳಲ್ಲಿ ಇಂಥ ಕಂಪನಿಗಳು ಮಾಡುತ್ತಿದ್ದ ದೊಡ್ಡ ತಪ್ಪೆಂದರೆ ವಿಂಡೋಸ್, ಸೋಲಾರಿಸ್, ಲಿನಕ್ಸ್ ಎಲ್ಲಕ್ಕೂ ಒಂದೇ ಕೋಡ್ ಬರೆದು ಮೇಲೊಂದು ತೆಳು ಹೊದಿಕೆ ಹಾಕಿ ತರುವುದು. ಕಂಪನಿಗೆ ಅದು ಅನುಕೂಲ. ಓದುವವರಿಗೆ ಲಿನಕ್ಸಿನ ಕೋಡ್ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯದು. ಅಂಥದ್ದನ್ನು ಯಾವ ಮೇಂಟೈನರೂ (ಕರ್ನಲ್ಲಿನ ಒಂದೊಂದು ಭಾಗದ ಉಸ್ತುವಾರಿ ಹೊತ್ತವರು) ಒಪ್ಪುವುದಿಲ್ಲ: ಹೊದಿಕೆ ಕಿತ್ತು, ಸಾವಿರಾರು ಸಾಲು ಅಳಿಸಿ ಮತ್ತೆ ಬನ್ನಿ ಎನ್ನುತ್ತಾರೆ.

ಪ್ಯಾಚ್ ಹೋಗುವುದು ಸರಳ ಇಮೇಲಿನಲ್ಲಿ. ಲಗತ್ತು ಇಲ್ಲ, ಬಣ್ಣ ಇಲ್ಲ. ಯಾವ ಸಾಲು ತೆಗೆದೆ, ಯಾವುದು ಹಾಕಿದೆ ಎಂಬುದು ಪತ್ರದ ಒಡಲಲ್ಲೇ ಇರಬೇಕು, ಉತ್ತರಿಸುವವರು ಸಾಲಿನ ಕೆಳಗೇ ತಕರಾರು ಬರೆಯುವಂತಿರಬೇಕು. ಕಳಿಸುವ ಮುನ್ನ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟು ಇಂಡೆಂಟ್, ಜಾಗ, ಅಲ್ಪವಿರಾಮದವರೆಗೆ ಎಲ್ಲ ತಪಾಸಣೆ ಮಾಡುತ್ತದೆ. ಯಾರಿಗೆ ಕಳಿಸಬೇಕೆಂದು ಹೇಳಲು ಮೇಂಟೈನರ್ಸ್ ಎಂಬ ಕಡತವಿದೆ: ಬ್ಲಾಕ್ ಪದರಕ್ಕೆ ಜೆನ್ಸ್ ಆಕ್ಸ್‌ಬೋ, ಸ್ಕಸಿಗೆ ಮಾರ್ಟಿನ್ ಪೀಟರ್ಸನ್, ಎನ್‌ವಿಎಂಇಗೆ ಕೀತ್ ಬುಶ್, ಕ್ರಿಸ್ಟೋಫ್ ಹೆಲ್ವಿಗ್ ಮೊದಲಾದವರು. ಪ್ಯಾಚ್‌ನ ಕೊನೆಗೆ ‘ಸೈನ್ಡ್-ಆಫ್-ಬೈ’ ಎಂದು ಹೆಸರು ಹಾಕಬೇಕು. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. ಲಿನಕ್ಸಿನಲ್ಲಿ ಕದ್ದ ಕೋಡ್ ಇದೆ ಎಂದು ಎಸ್‌ಸಿಒ ಕಂಪನಿ 2003ರಲ್ಲಿ ಕೋರ್ಟಿಗೆ ಹೋದ ಮೇಲೆ, 2004ರಲ್ಲಿ ಈ ಪದ್ಧತಿ ಬಂತು. ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಪ್ಯಾಚ್‌ನ ಮೊದಲ ವಿಮರ್ಶಕ ಕಂಪನಿಯ ವಕೀಲನೇ ಆಗಿರುವುದು ಈ ಒಂದು ಸಾಲಿನ ದೆಸೆಯಿಂದ.

ಅಲ್ಲಿಂದ ಮುಂದೆ ಎಲ್ಲ ಬಹಿರಂಗ. ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದವರಿಗೆ ಇದು ಹೊಸದೆನಿಸದು. ಗೂಡು ಎಲ್ಲರ ಕಣ್ಣೆದುರು ಹರಡಿರುತ್ತದೆ, ಬಂದವರೆಲ್ಲ ಒಂದು ಹಿಡಿ ಎತ್ತಿ, ಕಿವಿ ಹತ್ತಿರ ಅಲುಗಿಸಿ, ಒತ್ತಿ ನೋಡುತ್ತಾರೆ, ಬೆಳೆದವನು ಪಕ್ಕದಲ್ಲೇ ನಿಂತು ಎಲ್ಲರ ಮಾತೂ ಕೇಳಿಸಿಕೊಳ್ಳಬೇಕು. ಪ್ಯಾಚ್ ಬರೆದವರದೂ ಅದೇ ಸ್ಥಿತಿ. ಬೆಂಗಳೂರಿನ ಸಂಜೆಗೆ ಹೋದ ಪತ್ರಕ್ಕೆ ಜರ್ಮನಿಯಿಂದಲೋ ಅಮೆರಿಕದಿಂದಲೋ ರಾತ್ರಿ ಉತ್ತರ ಬರುತ್ತದೆ, ಜಗತ್ತೆಲ್ಲ ಓದಬಹುದಾದಲ್ಲಿ. ಕೆಲವೊಮ್ಮೆ ‘ಬೇಡ’ ಎಂಬ ಒಂದೇ ಪದ. ಕೆಲವೊಮ್ಮೆ ಉತ್ತರವೇ ಇಲ್ಲ; ಅದು ‘ಬೇಡ’ಕ್ಕಿಂತ ಕಷ್ಟ. ಮೇಲಿನವರ ಮಾತಿಗೆ ಎದುರಾಡಬಾರದೆಂದು ಬೆಳೆದ ನಮ್ಮ ಮಕ್ಕಳಿಗೆ ಇಲ್ಲಿ ಇನ್ನೊಂದು ಪಾಠ ಬೇಕು. ಹೆಲ್ವಿಗ್ ತಪ್ಪು ಹೇಳಿದರೆ ತಪ್ಪು ಎಂದು ಅಳತೆ ಸಮೇತ ಬರೆಯಬೇಕು, ಸರಿ ಹೇಳಿದರೆ ಮರುದಿನವೇ ಕೋಡ್ ತಿದ್ದಬೇಕು. ಮಾತಿನ ಒರಟುತನ ಮೊದಲಿಗಿಂತ ಇಳಿದಿದೆ. 2018ರಲ್ಲಿ ಟೋರ್ವಾಲ್ಡ್ಸ್ ತಮ್ಮ ಬೈಗುಳಗಳಿಗೆ ಕ್ಷಮೆ ಕೇಳಿ ಕೆಲಕಾಲ ರಜೆಯ ಮೇಲೆ ಹೋದರು, ನಡವಳಿಕೆಯ ಸಂಹಿತೆಯೂ ಆಗಲೇ ಬಂತು. ತಕರಾರಿನ ಹರಿತ ಮಾತ್ರ ಇಳಿದಿಲ್ಲ. ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಇದು ಶೇಖರಣೆ. ಗ್ರಾಫಿಕ್ಸ್ ಡ್ರೈವರ್ ತಪ್ಪಿದರೆ ಪರದೆ ಮಿನುಗುತ್ತದೆ, ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತದೆ. ಡಿಸ್ಕಿನ ದಾರಿಯಲ್ಲಿ ತಪ್ಪಾದರೆ ಬರೆದದ್ದು ಹೋಗುತ್ತದೆ, ಹೋದದ್ದು ತಿಂಗಳ ನಂತರ ತಿಳಿಯುತ್ತದೆ. 2018ರ ಅಕ್ಟೋಬರಿನಲ್ಲಿ ಬಿಡುಗಡೆಯಾದ 4.19ನೇ ಕರ್ನಲ್ ಹಾಕಿಕೊಂಡ ಕೆಲವರ ಫೈಲುಗಳು ಕಾರಣವಿಲ್ಲದೆ ಕೆಡತೊಡಗಿದವು. ಎಲ್ಲರೂ ಮೊದಲು ಬೆರಳು ತೋರಿದ್ದು ಎಕ್ಸ್ಟ್4 ಎಂಬ ಫೈಲ್ ಸಿಸ್ಟಮಿನತ್ತ. ವಾರಗಟ್ಟಲೆ ಹುಡುಕಿದ ಮೇಲೆ ಬ್ಲಾಕ್ ಪದರದಲ್ಲಿ ನಿಜವಾದ ಕಳ್ಳ ಸಿಕ್ಕಿದ. ಡಿಸ್ಕು ‘ಈಗ ಬಿಡುವಿಲ್ಲ’ ಎಂದು ಹಿಂದಿರುಗಿಸಿದ ಕೋರಿಕೆಗೆ ಸರತಿಯಲ್ಲಿ ಇನ್ನೊಂದು ಕೋರಿಕೆ ಅಂಟಿಕೊಳ್ಳುತ್ತಿತ್ತು, ಆದರೆ ಡಿಸ್ಕಿಗೆ ಹೋಗುವ ಆದೇಶ ಹಳೆಯ ಅಳತೆಯಲ್ಲೇ ಉಳಿದಿರುತ್ತಿತ್ತು. ಡಿಸೆಂಬರಿನಲ್ಲಿ ತೇಪೆ ಬಿತ್ತು. 2021ರಲ್ಲಿ 5.12ರ ಮೊದಲ ಪರೀಕ್ಷಾ ಬಿಡುಗಡೆ ಇನ್ನೂ ಭಯಂಕರ. ಸ್ಮೃತಿ ಸಾಲದಾಗ ನೆರವಿಗೆ ಬರುವ ಸ್ವಾಪ್ ಫೈಲ್ ಬಳಸುತ್ತಿದ್ದವರ ಯಂತ್ರದಲ್ಲಿ ಆ ಫೈಲಿನ ಜಾಗಕ್ಕೆ ಬರೆಯಬೇಕಾದದ್ದನ್ನು ಅದು ಡಿಸ್ಕಿನ ಬೇರೆ ಜಾಗಕ್ಕೆ ಬರೆದು, ಫೈಲ್ ಸಿಸ್ಟಮನ್ನೇ ಅಳಿಸುತ್ತಿತ್ತು. ಟೋರ್ವಾಲ್ಡ್ಸ್ ಆ ಬಿಡುಗಡೆಯ ಹೆಸರಿನ ಬಾಲಕ್ಕೇ ‘ಬಳಸಬೇಡಿ’ ಎಂದು ಸೇರಿಸಿಬಿಟ್ಟರು.

ಈ ನೆನಪುಗಳಿರುವ ಮೇಂಟೈನರ್ ಹೊಸ ಪ್ಯಾಚ್ ಕಂಡಾಗ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವೇಗ ಹೆಚ್ಚುತ್ತದೆ’ ಎಂಬುದಲ್ಲ, ‘ಅರ್ಧದಲ್ಲಿ ವಿದ್ಯುತ್ ಹೋದರೆ ಏನಾಗುತ್ತದೆ’ ಎಂಬುದು.

ಬೆಂಗಳೂರಿನ ಕಥೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಆಕ್ಸ್‌ಬೋ 2019ರಲ್ಲಿ, 5.1ನೇ ಆವೃತ್ತಿಯಲ್ಲಿ, ಐಒ-ಯೂರಿಂಗ್ ಎಂಬ ವ್ಯವಸ್ಥೆ ತಂದರು. ಪ್ರೋಗ್ರಾಂ ಮತ್ತು ಕರ್ನಲ್ ನಡುವೆ ಎರಡು ಉಂಗುರಾಕಾರದ ಸರತಿಗಳು: ಒಂದರಲ್ಲಿ ಕೋರಿಕೆ ಹಾಕು, ಇನ್ನೊಂದರಲ್ಲಿ ಉತ್ತರ ತೆಗೆದುಕೋ, ನಡುವೆ ಕಾಯಬೇಡ. ಓದು, ಬರೆ ಎಂಬ ಮಾಮೂಲಿ ಕೋರಿಕೆಗಳಿಗೆ ಇದು ಚೆನ್ನಾಗಿ ನಡೆಯಿತು. ಆದರೆ ಹೊಸ ಎಸ್‌ಎಸ್‌ಡಿಗಳು ಕಲಿತ ಹೊಸ ಆದೇಶಗಳನ್ನು ಕಳಿಸಲು ಇದ್ದದ್ದು ಹಳೆಯ ದಾರಿ, ಒಂದು ಆದೇಶ ಕಳಿಸಿ ಉತ್ತರ ಬರುವವರೆಗೆ ಬಾಗಿಲಲ್ಲೇ ನಿಲ್ಲಬೇಕು. ಬೆಂಗಳೂರಿನ ಸ್ಯಾಮ್‌ಸಂಗ್ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರದ ಕಾಂಚನ್ ಜೋಶಿ ಮತ್ತು ಸಂಗಡಿಗರು 2021ರಲ್ಲಿ ಈ ಆದೇಶಗಳನ್ನೂ ಕಾಯದೆ ಕಳಿಸುವ ಪ್ರಸ್ತಾಪ ಮುಂದಿಟ್ಟರು.

ಅಡಚಣೆ ಅಳತೆಯದಾಗಿತ್ತು. ಎನ್‌ವಿಎಂಇ ಆದೇಶ 64 ಬೈಟ್. ಐಒ-ಯೂರಿಂಗ್ ಸರತಿಯ ಒಂದು ಮನೆಯೂ 64 ಬೈಟ್, ಅದರಲ್ಲಿ ಅರ್ಧಕ್ಕೂ ಹೆಚ್ಚು ಬೇರೆ ವಿವರಗಳಿಗೇ ಮೀಸಲು. ಹಿಡಿಸದ ಸಾಮಾನನ್ನು ಹೊರಗಿಟ್ಟು ಅದರ ವಿಳಾಸ ಮಾತ್ರ ಒಳಗೆ ಬರೆಯಬಹುದಿತ್ತು. ಆಗ ಪ್ರತಿ ಸಲ ವಿಳಾಸ ಹಿಡಿದು ಹೋಗಿ ತರುವ ಖರ್ಚು. ಚರ್ಚೆ ನಡೆದು ನಡೆದು, ಬೇಕಾದವರಿಗೆ 128 ಬೈಟಿನ ದೊಡ್ಡ ಮನೆ, ಉತ್ತರಕ್ಕೆ 16ರ ಬದಲು 32 ಬೈಟ್ ಎಂದು ತೀರ್ಮಾನವಾಯಿತು. ಇನ್ನೂ ಮುಖ್ಯವಾದ ಬದಲಾವಣೆ ಎಂದರೆ, ಎನ್‌ವಿಎಂಇಗೆ ಮಾತ್ರ ದಾರಿ ಬೇಡ, ಯಾವ ಡ್ರೈವರ್ ಬೇಕಾದರೂ ತನ್ನ ಸ್ವಂತ ಆದೇಶ ಸೇರಿಸಿಕೊಳ್ಳುವಂಥ ಸಾಮಾನ್ಯ ದಾರಿ ಇರಲಿ ಎಂದು ಆಗ್ರಹ ಬಂತು. 2022ರ ಜುಲೈ ಕೊನೆಗೆ ಹೊರಬಂದ 5.19ರಲ್ಲಿ ಅದು ಸೇರಿತು. ಮೊದಲು ಕಳಿಸಿದ್ದಕ್ಕೂ ಕೊನೆಗೆ ಸೇರಿದ್ದಕ್ಕೂ ಮುಖಚಹರೆಯಲ್ಲಿ ಹೋಲಿಕೆ ಕಡಿಮೆ. ಅದೇ ವರ್ಷ 6.0ರಲ್ಲಿ ಬಂದ ಯೂಬ್ಲಾಕ್ ಎಂಬ ಬೇರೆಯೇ ಡ್ರೈವರ್ ಈ ಸಾಮಾನ್ಯ ದಾರಿಯ ಮೇಲೇ ನಿಂತಿತು. ವಿಮರ್ಶಕರ ಹಠಕ್ಕೆ ಬೆಲೆ ಸಿಕ್ಕಿದ್ದು ಹೀಗೆ. ಈ ಇಡೀ ಪ್ರಯಾಣ ಶೇಖರಣೆಯ ಸಂಶೋಧಕರು ಸೇರುವ 2024ರ ಫಾಸ್ಟ್ ಸಮ್ಮೇಳನದಲ್ಲಿ ಪ್ರಬಂಧವಾಯಿತು. ಲೇಖಕರ ಪಟ್ಟಿಯಲ್ಲಿ ಬೆಂಗಳೂರಿನವರ ಜೊತೆ ಆಕ್ಸ್‌ಬೋ ಹೆಸರೂ ಇದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ದಾರಿಯನ್ನು ನಿರ್ವಾಹಕರಷ್ಟೇ ಅಲ್ಲ, ಸಾಮಾನ್ಯ ಬಳಕೆದಾರರೂ ಉಪಯೋಗಿಸಲಿ ಎಂದು ಜೋಶಿಯವರ ಇನ್ನೊಂದು ಪ್ಯಾಚ್ 2023ರ ಫೆಬ್ರವರಿಯ 6.2ರಲ್ಲಿ ಸೇರಿತು. ಕೆಲವು ತಿಂಗಳಲ್ಲಿ ಅದರಲ್ಲೊಂದು ಕಂಡಿ ಕಂಡಿತು. ಬಳಕೆದಾರ ಚಿಕ್ಕ ಪಾತ್ರೆ ಹಿಡಿದು, ಆದೇಶದಲ್ಲಿ ಮಾತ್ರ ಹೆಚ್ಚು ಬ್ಲಾಕ್ ಬೇಕೆಂದು ಬರೆದರೆ, ಡಿಸ್ಕು ಪಾಪ ಹೇಳಿದಷ್ಟೂ ಸುರಿಯುತ್ತದೆ. ಉಕ್ಕಿದ್ದು ಕರ್ನಲ್ಲಿನ ಸ್ಮೃತಿಯ ಮೇಲೆ ಚೆಲ್ಲುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಸೌಲಭ್ಯವನ್ನು ಕಿತ್ತುಹಾಕುವ ಪ್ಯಾಚ್ ಬಂತು. ಕಳಿಸಿದವರು ಜೋಶಿಯವರೇ. ಮೇಂಟೈನರುಗಳು ನಂಬಿಕೆ ಇಡುವುದು ಎಂಥವರ ಮೇಲೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಪುಟ್ಟ ಪ್ಯಾಚನ್ನು.

ಇನ್ನು ಆರಂಭದಲ್ಲಿ ಹೇಳಿದ ನಕಲಿನ ಪ್ಯಾಚ್‌ಗೆ ಬರೋಣ. ಕರ್ನಲ್ಲಿನ ಬ್ಲಾಕ್ ಪದರ ಕಟ್ಟಿರುವುದೇ ಒಂದು ಊಹೆಯ ಮೇಲೆ: ಪ್ರತಿ ಕೋರಿಕೆಗೂ ಒಂದು ದಿಕ್ಕು, ಒಂದು ವಿಳಾಸ. ಓದುವುದಾದರೆ ಎಲ್ಲಿಂದ, ಬರೆಯುವುದಾದರೆ ಎಲ್ಲಿಗೆ. ನಕಲಿಗೆ ಎರಡು ವಿಳಾಸ ಬೇಕು. ಎರಡನ್ನು ಎರಡು ತುಂಡಾಗಿ ಕಳಿಸಿ, ಸರತಿಯಲ್ಲಿ ಒಂದಕ್ಕೊಂದು ಸೇರಿಕೊಳ್ಳುವಂತೆ ಮಾಡುವುದು ಬೆಂಗಳೂರು ತಂಡದ ಉಪಾಯವಾಗಿತ್ತು. ಸೇರಿಕೊಳ್ಳದಿದ್ದರೆ? ನಡುವೆ ಹಲವು ಡಿಸ್ಕುಗಳನ್ನು ಒಂದೆಂದು ತೋರಿಸುವ ಪದರವಿದ್ದು, ಮೂಲ ಒಂದು ಡಿಸ್ಕಿನಲ್ಲೂ ಗುರಿ ಇನ್ನೊಂದರಲ್ಲೂ ಬಿದ್ದರೆ? ಸ್ಕಸಿಯವರ ನಕಲು ಆದೇಶ ಬೇರೆಯೇ ರೀತಿಯದು, ಅದಕ್ಕೂ ಇದೇ ಚೌಕಟ್ಟು ಹೊಂದಬೇಕಲ್ಲ? ತಂಡಕ್ಕೂ ಮೊದಲೇ ಇದಕ್ಕೆ ಕೈಹಾಕಿದವರಿದ್ದರು. ಸ್ಕಸಿ ಮೇಂಟೈನರ್ ಪೀಟರ್ಸನ್ ಅವರ ಪ್ರಯತ್ನವೂ ಹೀಗೇ ನಿಂತಿತ್ತು. ಶೇಖರಣೆಯ ಮೇಂಟೈನರುಗಳು ವರ್ಷಕ್ಕೊಮ್ಮೆ ಸೇರುವ ಆಹ್ವಾನಿತರ ಸಭೆಯಲ್ಲೂ ಈ ವಿಷಯ ಮತ್ತೆ ಮತ್ತೆ ಬಂದಿದೆ. ಆ ಸಭೆ 2023ರಲ್ಲಿ ವ್ಯಾಂಕೂವರ್‌ನಲ್ಲಿ, 2024ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯಿತು. ಪತ್ರದಲ್ಲಿ ತಿಂಗಳುಗಟ್ಟಲೆ ಎಳೆದಾಡಿದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಬಗೆಹರಿಯುವುದುಂಟು. ಅಲ್ಲಿಗೆ ಹೋಗಲು ವೀಸಾ ಸಿಗಬೇಕು, ಕಂಪನಿ ಟಿಕೆಟ್ ಕೊಡಬೇಕು. ‘ಕರ್ನಲ್ ಯಾರ ಊರನ್ನೂ ಕೇಳುವುದಿಲ್ಲ’ ಎಂಬ ಮಾತು ನಿಜ, ಪೂರ್ತಿ ನಿಜವಲ್ಲ.

ಒಳಗೆ ಸೇರಿದ್ದೂ ಶಾಶ್ವತವಲ್ಲ. ಎಸ್‌ಎಸ್‌ಡಿಯಲ್ಲಿ ಅಳಿಸುವ ಘಟಕ ಬರೆಯುವ ಘಟಕಕ್ಕಿಂತ ಬಹಳ ದೊಡ್ಡದು. ಬೇಗ ಸಾಯುವ ದತ್ತಾಂಶವೂ ಬಹುಕಾಲ ಬಾಳುವ ದತ್ತಾಂಶವೂ ಒಂದೇ ಘಟಕದಲ್ಲಿ ಬೆರೆತರೆ, ಅಳಿಸುವ ಮೊದಲು ಬಾಳುವುದನ್ನು ಬೇರೆಡೆ ಸಾಗಿಸಬೇಕು. ಡಿಸ್ಕಿನ ಆಯಸ್ಸು ಆ ಸಾಗಾಟದಲ್ಲೇ ಸವೆಯುತ್ತದೆ. ಯಾವುದು ಯಾವ ಗುಂಪಿನದೆಂದು ಮೊದಲೇ ಡಿಸ್ಕಿಗೆ ಹೇಳುವ ‘ಸ್ಟ್ರೀಮ್ಸ್’ 2017ರ 4.13ರಲ್ಲಿ ಸೇರಿತು. ಬಳಸುವವರು ಹೆಚ್ಚು ಬರಲಿಲ್ಲ. 2022ರ 5.18ರಲ್ಲಿ ಹೆಲ್ವಿಗ್ ಅದನ್ನು ಕಿತ್ತು ಹಾಕಿದರು. ಅದೇ ಹೊತ್ತಿಗೆ ಎನ್‌ವಿಎಂಇ ಮಾನಕದಲ್ಲಿ ಅದೇ ಯೋಚನೆ ಎಫ್‌ಡಿಪಿ ಎಂಬ ಹೊಸ ರೂಪ ಪಡೆಯಿತು. ಬೆಂಗಳೂರಿನಿಂದಲೂ ಅಮೆರಿಕದಿಂದಲೂ ಪ್ಯಾಚ್‌ಗಳು ಹೋದವು, ಫೈಲ್ ಸಿಸ್ಟಮಿನವರು ಇದನ್ನು ಹೇಗೆ ಬಳಸಬೇಕೆಂಬ ಜಗಳ ಜೋರಾಗಿ ನಡೆಯಿತು, ಕೊನೆಗೆ ಬುಶ್ ಮುಂದಾಳತ್ವದ ಸರಣಿ 2025ರ ಜುಲೈನಲ್ಲಿ ಬಂದ 6.16ರಲ್ಲಿ ಸೇರಿತು. ಹುಟ್ಟಿ, ಸತ್ತು, ಮರುಹುಟ್ಟು ಪಡೆಯಲು ಎಂಟು ವರ್ಷ.

ಈ ಎಂಟು ವರ್ಷವನ್ನು ನಮ್ಮ ಕಚೇರಿಗಳ ಲೆಕ್ಕದಲ್ಲಿ ಎಲ್ಲಿ ಹಾಕುವುದು? ಕರ್ನಲ್ಲಿನ ಒಂದು ಬಿಡುಗಡೆಗೆ ಒಂಬತ್ತೋ ಹತ್ತೋ ವಾರ. ಅದರಲ್ಲಿ ಹೊಸ ಕೋಡ್ ಸೇರಲು ತೆರೆದಿರುವುದು ಮೊದಲ ಎರಡು ವಾರ, ಉಳಿದದ್ದೆಲ್ಲ ತಪ್ಪು ತಿದ್ದಲು. ಆ ಎರಡು ವಾರ ತಪ್ಪಿತೆಂದರೆ ಮುಂದಿನ ಬಿಡುಗಡೆವರೆಗೆ ಕಾಯಬೇಕು. ಮ್ಯಾನೇಜರಿಗೆ ಮೂರು ತಿಂಗಳಿಗೊಮ್ಮೆ ಫಲ ತೋರಿಸಬೇಕು. ‘ಈ ವರ್ಷ ಏನು ಮಾಡಿದೆ’ ಎಂದರೆ ‘ಹತ್ತನೆಯ ಆವೃತ್ತಿಯಿಂದ ಹದಿನಾಲ್ಕಕ್ಕೆ ತಂದೆ’ ಎನ್ನಲು ಧೈರ್ಯ ಬೇಕು, ಅದನ್ನು ಕೆಲಸವೆಂದು ಒಪ್ಪಲು ಇನ್ನೂ ಹೆಚ್ಚಿನ ಧೈರ್ಯ. ಬೆಂಗಳೂರಿನಲ್ಲಿ ಈ ತಾಳ್ಮೆಯನ್ನು ಮೊದಲು ತೋರಿದ್ದರಲ್ಲಿ ಐಬಿಎಂ ಒಂದು. ಅಲ್ಲಿನ ದೀಪಂಕರ್ ಸರ್ಮ, ಅಮೆರಿಕದ ಪಾಲ್ ಮೆಕೆನ್ನಿ ಜೊತೆ ದುಡಿದು ತಂದ ಆರ್‌ಸಿಯು ಎಂಬ ತಂತ್ರ 2002ರಲ್ಲೇ ಕರ್ನಲ್ ಸೇರಿತು. ಇಂದು ಕರ್ನಲ್ಲಿನ ಎಲ್ಲ ಮೂಲೆಯಲ್ಲೂ ಅದಿದೆ. ಫೈಲಿಗೆ ಜಾಗವನ್ನು ಮೊದಲೇ ಕಾಯ್ದಿರಿಸುವ ಫಾಲೊಕೇಟ್ ಎಂಬ ಸಿಸ್ಟಮ್ ಕಾಲ್ 2007ರ 2.6.23ರಲ್ಲಿ ಸೇರಿದ್ದೂ ಐಬಿಎಂನ ಭಾರತದ ತಂಡದ ಕೈಯಿಂದಲೇ.

ಹಿಂದೂಪುರದ ಕಾಲೇಜಿನಲ್ಲಿ ಮೂರನೇ ವರ್ಷ ಓದುವವರಿಗೆ ಲಕ್ಷಾಂತರ ರೂಪಾಯಿಯ ಸರ್ವರ್ ಎಲ್ಲಿಂದ ಬರಬೇಕು? ಬೇಕಿಲ್ಲ. ಕ್ಯೂಎಮು ಎಂಬ ಉಚಿತ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪಿನಲ್ಲೇ ನಕಲಿ ಎನ್‌ವಿಎಂಇ ಡಿಸ್ಕನ್ನು ತೋರಿಸುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗದ ಎಫ್‌ಡಿಪಿ ಡಿಸ್ಕನ್ನೂ ತೋರಿಸಬಲ್ಲದು. ಕರ್ನಲ್ಲಿನಲ್ಲೇ ನಲ್-ಬ್ಲಾಕ್ ಎಂಬ ಡ್ರೈವರ್ ಇದೆ, ಡಿಸ್ಕೇ ಇಲ್ಲದ ಡಿಸ್ಕು ಅದು, ಬ್ಲಾಕ್ ಪದರ ಪರೀಕ್ಷಿಸಲೆಂದೇ ಬರೆದದ್ದು. ಬ್ಲಾಕ್‌ಟೆಸ್ಟ್ಸ್ ಎಂಬ ಪರೀಕ್ಷೆಗಳ ಕಂತೆ ಇದೆ. ವೇಗ ಅಳೆಯಲು ಆಕ್ಸ್‌ಬೋ ಅವರೇ ಬರೆದ ಎಫ್‌ಐಒ ಇದೆ. ಕಾಗುಣಿತ ತಿದ್ದುವ ಪ್ಯಾಚ್ ಕಳಿಸಿ ಹೆಸರು ದಾಖಲಿಸುವ ಆಸೆ ಬಹಳ ಜನಕ್ಕೆ. ಮೇಂಟೈನರುಗಳಿಗೆ ಅದು ಬೇಸರ ತರಿಸುತ್ತದೆ. ಅದಕ್ಕಿಂತ ಈ ವಾರ ಬೇರೆಯವರು ಕಳಿಸಿದ ಪ್ಯಾಚನ್ನು ಹಾಕಿಕೊಂಡು, ಆ ಪರೀಕ್ಷೆಗಳನ್ನೆಲ್ಲ ಓಡಿಸಿ, ಎಲ್ಲಿ ಬಿತ್ತು, ಯಾವ ಸಂರಚನೆಯಲ್ಲಿ ಬಿತ್ತು ಎಂದು ಬರೆದು ಕಳಿಸಿದರೆ ಉತ್ತರ ಬರುತ್ತದೆ. ಬೀಳದಿದ್ದರೆ ‘ಟೆಸ್ಟೆಡ್-ಬೈ’ ಎಂದು ಹೆಸರು ಹಾಕಿ ಉತ್ತರಿಸಬಹುದು. ಪ್ಯಾಚ್ ಸೇರಿದ ದಿನ ಬರೆದವರ ಸಹಿಯ ಜೊತೆಗೆ ಆ ಸಾಲೂ ಕರ್ನಲ್ಲಿನ ಇತಿಹಾಸದೊಳಕ್ಕೆ ಹೋಗುತ್ತದೆ.